ಆ ಬೇಡತಿ ಮಕ್ಕಳ ಹೆಸರೇನು?

"ಪುರಾಣದ ಕಥೆ ತಿದ್ದಲು ನಿಮಗೆ ಅಧಿಕಾರ ಕೊಟ್ಟವರು ಯಾರು?"

ಈ ಪ್ರಶ್ನೆಯನ್ನು ನನಗೆ ಕಾಲೇಜಿನ ಸಭಾಂಗಣದಲ್ಲಿ ಕೇಳಿದ್ದಾರೆ. ಬಸ್ ನಿಲ್ದಾಣದಲ್ಲಿ ತಡೆದು ನಿಲ್ಲಿಸಿ ಕೇಳಿದ್ದಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರು ಕೇಳಿದ್ದಾರೆ. ಊರು ಹೆಸರಿಲ್ಲದ ಪತ್ರಗಳಲ್ಲಿ ಬೈಗುಳದ ಜೊತೆಗೆ ಸೇರಿಸಿ ಕೇಳಿದ್ದಾರೆ. ಹೋದ ತಿಂಗಳು ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ಓದುಗರೊಡನೆ ಸಂವಾದ ಇಟ್ಟುಕೊಂಡಿದ್ದರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ ಅಂದಿದ್ದರು. 31 ಚೀಟಿ ಬಂದವು. ಬಿಚ್ಚಿ ನೋಡಿದರೆ 12ರಲ್ಲಿ ಇದೇ ಪ್ರಶ್ನೆ, ಕೈಬರಹ ಮಾತ್ರ ಬೇರೆ ಬೇರೆ. ಅರ್ಧ ಉತ್ತರ ಹೇಳುವಷ್ಟರಲ್ಲಿ ಹೊತ್ತಾಯಿತು ಅಂತ ಮೈಕು ತೆಗೆದುಕೊಂಡರು. ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತಂದೆ. ಈಗ ಅವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಕಾದಂಬರಿ ಓದದೆಯೇ ಬೈದವರಿಗಾಗಿ ಮೊದಲು ಕಥೆ ಹೇಳುತ್ತೇನೆ. ಅದು ನಾನು ಹುಟ್ಟಿಸಿದ್ದಲ್ಲ, ವ್ಯಾಸಭಾರತದ ಆದಿಪರ್ವದ್ದು. ಪಾಂಡವರನ್ನು ಸುಡಲೆಂದು ದುರ್ಯೋಧನ ವಾರಣಾವತದಲ್ಲಿ ಪುರೋಚನನ ಕೈಲಿ ಅರಗಿನ ಮನೆ ಕಟ್ಟಿಸಿದ. ವಿದುರ ಕಳಿಸಿದ ಆಳು ಒಳಗಿನಿಂದ ಸುರಂಗ ತೋಡಿದ. ಒಂದು ರಾತ್ರಿ ಕುಂತಿ ಬ್ರಾಹ್ಮಣರಿಗೆ ಊಟ ಹಾಕಿಸಿದಳು. ಆ ಊಟದ ವಾಸನೆ ಹಿಡಿದು ಒಬ್ಬ ಬೇಡತಿ ತನ್ನ ಐದು ಗಂಡುಮಕ್ಕಳನ್ನು ಕರೆದುಕೊಂಡು ಬಂದಳು. ಉಂಡರು, ಕುಡಿದರು, ಮೈಮರೆತು ಅಲ್ಲೇ ಮಲಗಿದರು. ನಡುರಾತ್ರಿ ಆ ಮನೆಗೆ ಬೆಂಕಿ ಹಚ್ಚಿದವನು ದುರ್ಯೋಧನನಲ್ಲ, ಪುರೋಚನನೂ ಅಲ್ಲ. ಭೀಮ. ಕುಂತಿಯೂ ಐವರು ಮಕ್ಕಳೂ ಸುರಂಗದಿಂದ ಪಾರಾದರು. ಬೆಳಗ್ಗೆ ಊರಿನವರು ಬೂದಿ ಕೆದಕಿದಾಗ ಒಂದು ಹೆಣ್ಣಿನ ಹೆಣ, ಐದು ಗಂಡು ಹೆಣ ಸಿಕ್ಕಿದವು. ಲೆಕ್ಕ ಸರಿಹೋಯಿತು. ಹಸ್ತಿನಾವತಿಯಲ್ಲಿ ಧೃತರಾಷ್ಟ್ರ ಪಾಂಡವರ ಹೆಸರು ಹೇಳಿ ತರ್ಪಣ ಬಿಡಿಸಿದ. ಸತ್ತ ಆ ಆರು ಜನಕ್ಕೆ ಸಂದ ನೀರು ಕೂಡ ಬೇರೆಯವರ ಹೆಸರಿನಲ್ಲಿ ಸಂದಿತು.

ಇಷ್ಟೂ ಸಂಗತಿ ಮಹಾಭಾರತದಲ್ಲಿ ಬೆರಳೆಣಿಕೆಯ ಶ್ಲೋಕಗಳಲ್ಲಿ ಮುಗಿಯುತ್ತದೆ. ಅನ್ನ ಬೇಡಿ ಬಂದಳು, ಕಾಲವೇ ಅವಳನ್ನು ಅಲ್ಲಿಗೆ ನೂಕಿತು ಎಂದು ಹೇಳಿ ಕವಿ ಮುಂದಕ್ಕೆ ಹೋಗುತ್ತಾನೆ. ಲಕ್ಷ ಶ್ಲೋಕದ ಗ್ರಂಥ ಎಂದು ಹೆಸರಾದದ್ದರಲ್ಲಿ ಆ ತಾಯಿಗೆ ಹೆಸರಿಲ್ಲ. ಮಕ್ಕಳಿಗೂ ಇಲ್ಲ. ಯುದ್ಧ ಮುಗಿದ ಮೇಲೆ ಧರ್ಮರಾಯ ಶರಶಯ್ಯೆಯ ಬಳಿ ಕೂತು ಭೀಷ್ಮನಿಂದ ಪರ್ವಗಟ್ಟಲೆ ಧರ್ಮ ಕೇಳುತ್ತಾನೆ. ರಾಜಧರ್ಮ ಕೇಳುತ್ತಾನೆ, ಆಪದ್ಧರ್ಮ ಕೇಳುತ್ತಾನೆ, ದಾನಧರ್ಮ ಕೇಳುತ್ತಾನೆ. ನಮ್ಮ ಜೀವ ಉಳಿಯಲು ಬೆಂದುಹೋದ ಆ ಆರು ಜನರ ಪಾಪ ಯಾರದು ಅಂತ ಕೇಳಬೇಕೆಂದು ಅವನಿಗೆ ಅನ್ನಿಸುವುದಿಲ್ಲ.

ನಾನು ಈ ಕಥೆಯನ್ನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ನಮ್ಮೂರಿನ ರಾಮಮಂದಿರದಲ್ಲಿ ರಾಮನವಮಿಗೆ ಒಂಬತ್ತು ರಾತ್ರಿ ಹರಿಕಥೆ ನಡೆಯುತ್ತಿತ್ತು. ಮೇಲಿನ ಬೀದಿಯವರಿಗೆ ಒಳಗೆ ಚಾಪೆ. ನಮಗೆ ಚರಂಡಿಯಾಚೆ ಬೀದಿ. ಗೋಣಿಚೀಲ ಹಾಸಿಕೊಂಡು ನಾನು, ನಮ್ಮವ್ವ, ಅವ್ವನ ಮಡಿಲಲ್ಲಿ ತಂಗಿ. ಪಾನಕ ಹಂಚುವವನು ಒಳಗಿನವರಿಗೆ ಲೋಟದಲ್ಲಿ ಕೊಟ್ಟು, ನಮ್ಮ ಹತ್ತಿರ ಬಂದಾಗ ಮೊಳದೆತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದ. ಬೊಗಸೆಯಲ್ಲಿ ನಿಂತದ್ದಕ್ಕಿಂತ ಮೊಣಕೈಗುಂಟ ಇಳಿದು ಸೀರೆಗೆ ಸುರಿದದ್ದೇ ಹೆಚ್ಚು. ಮನೆಗೆ ಹೋಗಿ ಮಲಗಿದರೆ ರಾತ್ರಿಯೆಲ್ಲ ಅವ್ವನ ಸೀರೆಗೆ ಇರುವೆ.

ಆ ರಾತ್ರಿ ದಾಸರು ಚಿಟಿಕೆ ಹಿಡಿದು, ಭೀಮ ತಾಯಿಯನ್ನೂ ಅಣ್ಣತಮ್ಮಂದಿರನ್ನೂ ಹೊತ್ತುಕೊಂಡು ಓಡಿದ್ದನ್ನು ಹಾಡುತ್ತಿದ್ದರು. ಒಳಗೆಲ್ಲ ಗೋವಿಂದ ಗೋವಿಂದ. ಬೇಡತಿಯನ್ನು ಒಂದೇ ಉಸಿರಿನಲ್ಲಿ ದಾಟಿಸಿಬಿಟ್ಟರು. ಆಗ ಅವ್ವ, ಇಂಥವರಿಗೆ ಅಂತಿಲ್ಲದೆ, ಕತ್ತಲ ಕಡೆ ಮುಖ ಮಾಡಿ ಕೇಳಿದಳು: "ಅಲ್ಲ ಕಣಪ್ಪ, ಆ ಬ್ಯಾಡ್ತಿ ಮಕ್ಳ ಹೆಸ್ರೇನು?"

ಪಾನಕದವನಿಗೆ ಕೇಳಿಸಿತು. "ಅವ್ರ ಹೆಸ್ರು ತಕ್ಕಂಡು ಏನ್ ಮಾಡೀಯಮ್ಮಿ? ಉಂಡು ಕುಡ್ದು ಬಿದ್ದಿದ್ದೋರು" ಅಂದ. ಅವ್ವ ಗೋಣಿಚೀಲ ಕೊಡವಿ ಎದ್ದಳು. ಸಾಯುವವರೆಗೂ ಮತ್ತೆ ಹರಿಕಥೆಗೆ ಹೋಗಲಿಲ್ಲ.

ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಧರ್ಮರಾಯ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವಳು ಚರಂಡಿಯಾಚೆ ಕೂತು ಕೇಳಿದಳು. ನನಗೆ ಅಧಿಕಾರ ಕೊಟ್ಟವಳು ಅವಳು. 12 ಚೀಟಿಗೂ ಇದೊಂದೇ ಉತ್ತರ.

ಇನ್ನೊಂದು ಚೀಟಿ: "ಮೂಲಕ್ಕೆ ನಿಷ್ಠೆ ಬೇಡವೇ?"

ಯಾವ ಮೂಲ? ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಮಹಾಭಾರತದ ಹಳೆಯ ಪಾಠ ಹುಡುಕಲು 1919ರಲ್ಲಿ ಕೂತವರು 1966ರಲ್ಲಿ ಎದ್ದರು. 1,259 ಹಸ್ತಪ್ರತಿಗಳನ್ನು ಹರಡಿಕೊಂಡು ಹೋಲಿಸಿದರು. ಉತ್ತರದ ಪ್ರತಿಯಲ್ಲಿ ಇದ್ದದ್ದು ದಕ್ಷಿಣದ್ದರಲ್ಲಿ ಇಲ್ಲ, ಇಲ್ಲಿ ಇದ್ದದ್ದು ಅಲ್ಲಿ ಇಲ್ಲ. ಆ ಸಾವಿರಾರು ಶ್ಲೋಕಗಳನ್ನು ಸೇರಿಸಿದವರು ಯಾರು? ಕಂಠಪಾಠ ಮಾಡಿದವರು, ಗರಿ ಮೇಲೆ ಕೊರೆದವರು, ಶಾಸ್ತ್ರ ಹೇಳಿಕೊಟ್ಟವರು. ಅವರೆಲ್ಲ ಮತ್ತೆ ಮತ್ತೆ ಬರೆದರು, ಅದು ಪವಿತ್ರವಾಯಿತು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ರಾಮಾಯಣಗಳು ಹಲವು ಎಂದು ಒಂದು ಲೇಖನ ಬರೆದರು. ಅದರಲ್ಲಿ ನಮ್ಮ ಕನ್ನಡದ ಜನಪದರ ರಾಮಾಯಣವೂ ಇದೆ. ಅಲ್ಲಿ ಹಣ್ಣು ತಿಂದು ಬಸುರಾಗುವವನು ರಾವಣ. ಅವನು ಸೀನಿದಾಗ ಹುಟ್ಟಿದ ಮಗು ಸೀತೆ. ಆ ಲೇಖನವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪಠ್ಯದಿಂದ ಕಿತ್ತುಹಾಕಿದರು. ತಂಬೂರಿ ಹಿಡಿದು ಹಾಡುವವನ ರಾಮಾಯಣ ರಾಮಾಯಣವಲ್ಲ ಎಂದು ತೀರ್ಮಾನಿಸಿದ ಹಾಗಾಯಿತು.

ಮೂಲನಿಷ್ಠೆಯ ಮಾತಾಡುವ ಕನ್ನಡಿಗರು ಪಂಪನನ್ನು ಏನು ಮಾಡುತ್ತಾರೆ? 941ರಲ್ಲಿ ಅವನು ಬರೆದ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟ ಏರುವವನು ಧರ್ಮರಾಯನಲ್ಲ, ಅರ್ಜುನ. ಪಕ್ಕದಲ್ಲಿ ಕೂರುವವಳು ದ್ರೌಪದಿಯಲ್ಲ, ಸುಭದ್ರೆ. ಯಾಕೆ? ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಸಮ ಮಾಡಬೇಕಿತ್ತು. ನಾಲ್ಕು ದಶಕದ ಮೇಲೆ ರನ್ನ ತನ್ನ ರಾಜ ಸತ್ಯಾಶ್ರಯನನ್ನು ಭೀಮನಿಗೆ ಸಮ ಮಾಡಿದ. ಪಂಪನನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕರ್ಣನನ್ನು ಕನ್ನಡಿಗರ ಎದೆಯೊಳಗೆ ಕೂರಿಸಿದ ಕವಿ ಅವನು, ಅದಕ್ಕಾಗಿ ಅವನಿಗೆ ನಾನು ಋಣಿ. ಆದರೆ ಅವನು ವ್ಯಾಸರನ್ನು ತಿದ್ದಿದ್ದಕ್ಕೆ ಸಿಕ್ಕಿದ್ದು ಧರ್ಮವುರ ಎಂಬ ಅಗ್ರಹಾರ. ಸಾವಿರ ವರ್ಷದಿಂದ ನಾವು ಅವನನ್ನು ಆದಿಕವಿ ಅನ್ನುತ್ತಿದ್ದೇವೆ. ಅರಸನಿಗಾಗಿ ತಿದ್ದಿದರೆ ಅಗ್ರಹಾರ, ಬೇಡತಿಗಾಗಿ ತಿದ್ದಿದರೆ ಠಾಣೆಯಲ್ಲಿ ದೂರು. ತಿದ್ದುವುದರ ಮೇಲೆ ನಿಮ್ಮ ಸಿಟ್ಟಿಲ್ಲ. ಯಾರಿಗಾಗಿ ತಿದ್ದಿದ್ದು ಎಂಬುದರ ಮೇಲೆ ಇದೆ.

"ಪುರಾಣ ಒಪ್ಪದಿದ್ದರೆ ಅದನ್ನು ಬಿಟ್ಟು ಸ್ವಂತ ಕಥೆ ಬರೆಯಿರಿ" ಎಂದು ಇಂಕು ಪೆನ್ನಿನಲ್ಲಿ, ಬಹಳ ಮರ್ಯಾದೆಯಿಂದ ಬರೆದ ಚೀಟಿ ಒಂದಿದೆ. ಬರೆದವರು ಹಿರಿಯರಿರಬೇಕು. ಅಯ್ಯಾ, ಈ ಮಾತು ಹಳೆಯದು. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದಾಗ ಮಾಸ್ತಿಯವರು ಇದೇ ಧಾಟಿಯಲ್ಲಿ ಆಕ್ಷೇಪ ಎತ್ತಿದ್ದರು. ಕುವೆಂಪು ಸುಮ್ಮನಿರದೆ ಉತ್ತರ ಬರೆದರು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಬ್ರಾಹ್ಮಣನ ಮಗ ಸತ್ತದ್ದಕ್ಕೆ ಶಂಬೂಕನ ತಪಸ್ಸೇ ಕಾರಣ ಎಂದಾಗುತ್ತದೆ. ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವನನ್ನು ರಾಮ ನೀನು ಯಾವ ಜಾತಿ ಎಂದು ಕೇಳುತ್ತಾನೆ. ಅವನು ಶೂದ್ರ ಎಂದು ನಿಜ ಹೇಳುತ್ತಾನೆ. ಮಾತು ಮುಗಿಯುವ ಮುನ್ನವೇ ಕತ್ತಿ ಬೀಸುತ್ತದೆ, ದೇವತೆಗಳು ಹೂಮಳೆ ಸುರಿಸುತ್ತಾರೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ತಪಸ್ವಿಯನ್ನು ಕೊಲ್ಲುವುದಿಲ್ಲ, ತಿರುಗಿ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನಿಗೆ ಬುದ್ಧಿ ಬಂದು ತಪಸ್ವಿಗೆ ಕೈಮುಗಿದ ಮೇಲೆ ಮಗು ಉಸಿರಾಡುತ್ತದೆ. ಕುವೆಂಪು ರಾಮನನ್ನು ಬಿಟ್ಟುಕೊಡಲಿಲ್ಲ, ಶಂಬೂಕನನ್ನೂ ಬಿಟ್ಟುಕೊಡಲಿಲ್ಲ.

ಸ್ವಂತ ಕಥೆ ಬರೆಯಿರಿ ಅನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ. ಆ ಅರಗಿನ ಮನೆ ನನ್ನ ಸ್ವಂತ ಕಥೆಯಲ್ಲ ಎಂದು ನಿಮಗೆ ಯಾರು ಹೇಳಿದರು? ಅದರೊಳಗೆ ಬೆಂದವರು ನನ್ನವರು. ಏಕಲವ್ಯನ ಹೆಬ್ಬೆರಳು ನನ್ನವರದು. ಆ ಬೆರಳು ಕೊಟ್ಟ ಮೇಲೂ ಅವನನ್ನು ಬದುಕಲು ಬಿಡಲಿಲ್ಲ ಎಂಬುದು ಎಷ್ಟು ಜನ ಓದುಗರಿಗೆ ಗೊತ್ತು? ದ್ರೋಣಪರ್ವದಲ್ಲಿ ಕೃಷ್ಣ ತಾನೇ ಹೇಳಿಕೊಳ್ಳುತ್ತಾನೆ, ನಿಮ್ಮ ಒಳಿತಿಗಾಗಿ ಏಕಲವ್ಯನನ್ನು ಕೊಂದೆ ಎಂದು. ಶಾಲೆಯ ಪಾಠದಲ್ಲಿ ಗುರುಭಕ್ತಿ ಮಾತ್ರ ಉಳಿಯಿತು, ಕೊಲೆ ಉಳಿಯಲಿಲ್ಲ. ಪುರಾಣ ಬಿಟ್ಟು ಬನ್ನಿ ಅಂದರೆ ನಮ್ಮ ಹೆಣಗಳನ್ನು ಅಲ್ಲೇ ಬಿಟ್ಟು ಬನ್ನಿ ಅಂದ ಹಾಗೆ.

ಉತ್ತರಕಾಂಡ ಪ್ರಕ್ಷಿಪ್ತ, ಅದು ವಾಲ್ಮೀಕಿಯದಲ್ಲ ಎಂಬ ಚೀಟಿ ಮೂರು ಇವೆ. ಇರಬಹುದು. ಆದರೆ ಕಾಳಿದಾಸ ರಘುವಂಶದಲ್ಲಿ ಶಂಬೂಕನ ತಲೆ ಕಡಿಸಿದ್ದಾನೆ, ಭವಭೂತಿ ಉತ್ತರರಾಮಚರಿತದಲ್ಲಿ ಅವನನ್ನು ಕೊಲ್ಲಿಸಿ ದಿವ್ಯರೂಪ ಕೊಟ್ಟಿದ್ದಾನೆ. ಅವರಿಬ್ಬರಿಗೆ ಅದು ಸೇರಿಕೆಯ ಕಥೆ ಅನ್ನಿಸಲಿಲ್ಲ. ನಾವು ಕೇಳಿದಾಗ ಮಾತ್ರ ಸೇರಿಕೆಯಾಗುತ್ತದೆ. ಯಾರೋ ಸೇರಿಸಿದರು ಅಂತಲೇ ಇಟ್ಟುಕೊಳ್ಳಿ, ಶೂದ್ರನೊಬ್ಬನ ಕೊರಳು ಕಡಿಯುವ ಕಥೆಯನ್ನೇ ಸೇರಿಸಬೇಕೆಂದು ಅವರಿಗೆ ಯಾಕೆ ತೋಚಿತು?

ನಿಮ್ಮ ಕಥಾವಸ್ತು ಸ್ವಂತದ್ದೇ ಎಂದು ಕೇಳಿದವರಿಗೆ ನೇರವಾಗಿ ಹೇಳುತ್ತೇನೆ, ಈ ಬೇಡತಿಯನ್ನು ನನಗಿಂತ ಮೊದಲು ಕಂಡವರು ಬಂಗಾಳದ ಮಹಾಶ್ವೇತಾದೇವಿ. ಕುಂತಿ ಕೊನೆಗೆ ಸಾಯುವುದೂ ಬೆಂಕಿಯಲ್ಲೇ, ಕಾಡ್ಗಿಚ್ಚಿನಲ್ಲಿ. ಆಶ್ರಮವಾಸಿಕ ಪರ್ವದಲ್ಲಿ ಬರುತ್ತದೆ. ಮಹಾಶ್ವೇತಾದೇವಿ ಕಾಡಿನಲ್ಲಿರುವ ಆ ಮುದುಕಿ ಕುಂತಿಯ ಎದುರಿಗೆ ಒಬ್ಬ ನಿಷಾದ ಹೆಣ್ಣನ್ನು ತಂದು ನಿಲ್ಲಿಸಿ ಮಾತಾಡಿಸಿದರು. ಅದನ್ನು ಓದಿದಾಗ ನನಗೆ ಅವ್ವನ ದನಿ ಕೇಳಿದ ಹಾಗಾಯಿತು. ಒಬ್ಬರು ಬರೆದರು ಅಂತ ಇನ್ನೊಬ್ಬರು ಬರೆಯಬಾರದು ಎಂದೇನಿಲ್ಲ. ಅರಸುಗಳ ಕಥೆಯನ್ನು ಎಷ್ಟು ಜನ ಬರೆದಿಲ್ಲ?

ಬರವಣಿಗೆ ಬಗ್ಗೆಯೇ ಕೇಳಿದ ಚೀಟಿಗಳು ಆರು ಇದ್ದವು. ಅವನ್ನು ಓದಿ ಜೀವಕ್ಕೆ ಹಾಯೆನಿಸಿತು. ಸಂಸ್ಕೃತ ಬರುತ್ತದೆಯೇ ಎಂದರೆ ಬರುವುದಿಲ್ಲ, ನನ್ನ ತಾತನ ಕಾಲಕ್ಕೆ ಅದನ್ನು ಕಲಿಸುವ ಮನೆಯ ಹೊಸ್ತಿಲು ನಮಗೆ ಇರಲಿಲ್ಲ. ಕನ್ನಡ ಅನುವಾದಗಳನ್ನು ಓದಿದೆ, ಗೊತ್ತಿದ್ದವರ ಹತ್ತಿರ ಪದಪದವೂ ಕೇಳಿ ತಿಳಿದೆ. ಬೆಳಗ್ಗೆ ಬರೆಯುತ್ತೀರೋ ರಾತ್ರಿಯೋ ಅಂದರೆ, ಮನೆಯವರೆಲ್ಲ ಮಲಗಿದ ಮೇಲೆ. ಅದಕ್ಕಿಂತ ಹೆಚ್ಚಿನ ಗುಟ್ಟಿಲ್ಲ.

ಆದರೆ ಒಬ್ಬರು ಕೇಳಿದ್ದು ಬೇರೆ: "ಮನೆ ಉರಿಯುವ ಅಧ್ಯಾಯವನ್ನು ಹೇಗೆ ಬರೆದಿರಿ? ಓದುವಾಗ ಕೈ ಉರಿಯಿತು."

ಹೇಳುತ್ತೇನೆ. ಆ ಅಧ್ಯಾಯವನ್ನು ಮೂರು ಸಲ ಬರೆದು ಮೂರು ಸಲವೂ ಹರಿದೆ. ಬೆಂಕಿ ಇತ್ತು, ಹೊಗೆ ಇತ್ತು, ಅರಗು ಇರಲಿಲ್ಲ. ಅರಗು ಎಂದರೆ ಏನೆಂದು ನನಗೇ ಗೊತ್ತಿರಲಿಲ್ಲ. ಚನ್ನಪಟ್ಟಣಕ್ಕೆ ಹೋದೆ. ಗೊಂಬೆ ಮಾಡುವವರ ಪಕ್ಕ ಎರಡು ದಿನ ಕೂತೆ. ಹಾಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಗಿರ್ರನೆ ತಿರುಗಿಸುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಬೆಂಕಿಯೇ ಇಲ್ಲದೆ ಬರೀ ಉಜ್ಜಿದ ಬಿಸಿಗೆ ಕರಗುವ ವಸ್ತು ಅದು. ಬಣ್ಣ ಹಾಕದ ಅರಗಿನ ಒಂದು ಚೂರು ಕೇಳಿ ಇಸಕೊಂಡೆ. ಹಿತ್ತಲಲ್ಲಿ ನಿಂತು ಕಡ್ಡಿ ಗೀರಿದೆ. ಮೊದಲು ಮೆತ್ತಗಾಯಿತು, ಗುಳ್ಳೆ ಎದ್ದಿತು, ಹೊಗೆ ಗಂಟಲಿಗೆ ಅಡರಿತು. ಆಮೇಲೆ ಉರಿಯುತ್ತಲೇ ತೊಟ್ಟಿಕ್ಕತೊಡಗಿತು. ಒಂದು ಹನಿ ನನ್ನ ಎಡಗೈ ಹೆಬ್ಬೆರಳಿನ ಮೇಲೆ ಬಿತ್ತು. ಕೊಡವಿದರೆ ಹೋಗಲಿಲ್ಲ, ಅಂಟಿಕೊಂಡಿತ್ತು. ಕಿತ್ತರೆ ಚರ್ಮವೂ ಬಂತು. ಕಲೆ ಇವತ್ತಿಗೂ ಇದೆ.

ಆ ಮನೆಯ ಗೋಡೆಗೆ ಅರಗು, ತುಪ್ಪ, ಮರದ ರಾಳ, ಸೆಣಬು ಎಲ್ಲ ಸೇರಿಸಿದ್ದರು ಎಂದು ಭಾರತವೇ ಹೇಳುತ್ತದೆ. ಛಾವಣಿಯಿಂದ ಆ ಹನಿ ಮಳೆಯ ಹಾಗೆ ಸುರಿದಿರಬೇಕು. ಮಲಗಿದ್ದ ಮಕ್ಕಳ ಮೇಲೆ. ನಾಲ್ಕನೇ ಸಲ ಬರೆದದ್ದನ್ನು ನಾನು ಹರಿಯಲಿಲ್ಲ. ಈಗ ಹೇಳಿ, ನಾನು ಮಾಡಿದ್ದು ಪುರಾಣಕ್ಕೆ ಅವಮಾನವೋ, ಪುರಾಣವನ್ನು ಪೂರ್ತಿ ಓದುವ ಕೆಲಸವೋ?

"ಬೇಡತಿಯ ಮಕ್ಕಳಿಗೆ ಜವರ, ಸಿದ್ದ, ಕೆಂಚ, ಮಾದ, ಚಿಕ್ಕ ಎಂದು ಹೆಸರಿಟ್ಟಿದ್ದೀರಿ. ವಾರಣಾವತದಲ್ಲಿ ಜವರ ಎಲ್ಲಿಂದ ಬಂದ?" ಎಂದು ಒಬ್ಬರು ಕೇಳಿದ್ದಾರೆ. ಪಂಪನ ಅರ್ಜುನ ಬನವಾಸಿಗೆ ಎಲ್ಲಿಂದ ಬಂದನೋ ಅಲ್ಲಿಂದಲೇ ಬಂದ. ತನ್ನ ನೆಲದ ಮೇಲಿನ ಪ್ರೀತಿಗೆ ಕವಿ ಅರ್ಜುನನನ್ನು ಬನವಾಸಿಗೆ ಕರೆತಂದ, ನಾವು ಅದನ್ನು ಕೊಂಡಾಡುತ್ತೇವೆ. ನಾನು ನನ್ನ ಕೇರಿಯ ಐದು ಹೆಸರು ತೆಗೆದುಕೊಂಡು ಹೋಗಿ ವಾರಣಾವತದಲ್ಲಿ ಇಟ್ಟೆ. ಅವರಲ್ಲಿ ಚಿಕ್ಕ ನನ್ನ ತಮ್ಮನ ಹೆಸರು. ಮೂರು ವರ್ಷಕ್ಕೆ ವಾಂತಿಭೇದಿಯಲ್ಲಿ ಹೋದ. ಅವನ ಹೆಸರೂ ಎಲ್ಲೂ ಬರೆದಿರಲಿಲ್ಲ.

ಬೇರೆ ಧರ್ಮದ ಗ್ರಂಥಗಳನ್ನು ಮುಟ್ಟುವ ಧೈರ್ಯ ನಿಮಗಿದೆಯೇ ಎಂಬ ಚೀಟಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ನನ್ನನ್ನು ಚರಂಡಿಯಾಚೆ ಕೂರಿಸಿದ್ದು ಯಾವ ಮನೆಯೋ ಆ ಮನೆಯ ಬಾಗಿಲನ್ನು ನಾನು ಬಡಿಯುತ್ತೇನೆ. ಅವರವರ ಮನೆಯ ಬಾಗಿಲು ಬಡಿಯುವವರು ಎಲ್ಲ ಕಡೆಯೂ ಇದ್ದಾರೆ, ಅವರೂ ಪೆಟ್ಟು ತಿನ್ನುತ್ತಿದ್ದಾರೆ.

ಭಯವಾಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದಾನೆ. ಆಗುತ್ತದಪ್ಪ. 2013ರಲ್ಲಿ 'ಢುಂಢಿ' ಕಾದಂಬರಿ ಬರೆದದ್ದಕ್ಕೆ ಯೋಗೇಶ್ ಮಾಸ್ಟರ್ ಅವರನ್ನು ಬಂಧಿಸಿದರು. 2017ರಲ್ಲಿ ದಾವಣಗೆರೆಯಲ್ಲಿ ಅವರ ಮುಖಕ್ಕೆ ಮಸಿ ಬಳಿದರು. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಗ್ಗೆ ಕಲಬುರ್ಗಿಯವರ ಮನೆ ಬಾಗಿಲು ತಟ್ಟಿ ಗುಂಡು ಹೊಡೆದರು. ಶಾಸನ, ವಚನಗಳ ನಡುವೆ ಬದುಕು ಸವೆಸಿದ ವಿದ್ವಾಂಸರು ಅವರು. ನನ್ನ ಪುಸ್ತಕದ ಬಿಡುಗಡೆಗೆ ಸಭಾಭವನ ಕೊಡುತ್ತೇವೆಂದು ಒಪ್ಪಿದ್ದವರು ಹಿಂದಿನ ಸಂಜೆ ಫೋನು ಮಾಡಿ ಬೀಗ ಸಿಗುತ್ತಿಲ್ಲ ಎಂದರು. ಬೀದಿಯಲ್ಲಿ ಶಾಮಿಯಾನ ಹಾಕಿ ಬಿಡುಗಡೆ ಮಾಡಿದೆವು. ಬೀದಿಯಲ್ಲಿ ಕೂತು ಕಥೆ ಕೇಳಿ ನಮಗೆ ರೂಢಿಯಿತ್ತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದರೆ ಕೊಡಲಿಲ್ಲ. ಅದೇ ವರ್ಷ ನಮ್ಮ ಹಿರಿಯರು ಬೆಂಗಳೂರಿನಲ್ಲಿ ತಮ್ಮದೇ ಬಂಡಾಯ ಸಮ್ಮೇಳನ ಮಾಡಿದರು. ಜಾಗ ಕೊಡದವರ ಕಾರಣಕ್ಕೆ ಕನ್ನಡದಲ್ಲಿ ಬರವಣಿಗೆ ನಿಂತಿಲ್ಲ, ಇನ್ನು ಮುಂದೆಯೂ ನಿಲ್ಲುವುದಿಲ್ಲ.

ಕೊನೆಯ ಚೀಟಿಯನ್ನು ಅವತ್ತು ಡಬ್ಬಿಗೆ ಹಾಕಿರಲಿಲ್ಲ. ಎಲ್ಲ ಮುಗಿದು ನಾನು ಮೆಟ್ಟಿಲಿಳಿಯುವಾಗ ಕಾಲೇಜಿನ ಒಬ್ಬ ಹುಡುಗಿ ಬಂದು ಕೈಗೆ ಕೊಟ್ಟು ಹೋದಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ. "ಸರ್, ಐದು ಮಕ್ಕಳಿಗೂ ಹೆಸರಿಟ್ಟಿದ್ದೀರಿ. ಆ ತಾಯಿಯನ್ನು ಮುನ್ನೂರು ಪುಟದಲ್ಲೂ ಬೇಡತಿ ಅಂತಲೇ ಕರೆದಿದ್ದೀರಿ. ಅವಳಿಗೆ ಯಾಕೆ ಹೆಸರಿಡಲಿಲ್ಲ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವ್ವ ಮಕ್ಕಳ ಹೆಸರು ಕೇಳಿದ್ದಳು, ನಾನು ಮಕ್ಕಳಿಗೆ ಹೆಸರಿಟ್ಟೆ. ಹೆಂಗಸಿನ ಹೆಸರು ಅವ್ವ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ವ್ಯಾಸ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದ 12 ಜನರಲ್ಲಿ ಒಬ್ಬರ ಕಣ್ಣಿಗೂ ಇದು ಬೀಳಲಿಲ್ಲ.

ತಾಯಿ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ತಪ್ಪು ನನ್ನದು. ಮುಂದಿನ ಮುದ್ರಣದಲ್ಲಿ ಒಂದು ಹೆಸರು ಸೇರಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವಳಿಗೆ ನೀನು ಹೆಸರಿಡು. ನಿಮ್ಮ ಅಜ್ಜಿಯದೋ, ನಿಮ್ಮ ಕೇರಿಯ ಯಾರದೋ, ಎಲ್ಲೂ ಬರೆದಿರದ ಒಂದು ಹೆಸರನ್ನು ಹುಡುಕು. ಆ ರಾತ್ರಿ ಅವಳು ಎಷ್ಟು ದೂರ ನಡೆದು ಬಂದಳು, ಮಕ್ಕಳಿಗೆ ಬಡಿಸಿದ ಮೇಲೆ ಅವಳ ಎಲೆಯಲ್ಲಿ ಏನು ಉಳಿದಿತ್ತು, ಬರೆ. ನನ್ನ ಪುಸ್ತಕ ಸುಳ್ಳಾದರೂ ಚಿಂತೆಯಿಲ್ಲ. ಬರೆದು ಮುಗಿಸಿದ ಮೇಲೆ ನನಗೊಂದು ಪ್ರತಿ ಕಳಿಸು.